ಪುಟ್ಟ ಎಲ್‌ಇಡಿ ಟಾರ್ಚ್ ಆರಿಸುವುದು: ಬೆಳಕು ಎಷ್ಟು, ಬ್ಯಾಟರಿ ಎಷ್ಟು ಹೊತ್ತು, ಮನೆಯಲ್ಲೇ ಅಳೆದು ನೋಡಿ

ಅಂಗೈಯಲ್ಲಿ ಹಿಡಿಸುವ ಎರಡು ಟಾರ್ಚ್‌ಗಳಿವೆ ಎಂದುಕೊಳ್ಳಿ. ಎರಡರ ಡಬ್ಬಿಯ ಮೇಲೂ 1000 ಲುಮೆನ್ ಎಂದಿದೆ; ಲುಮೆನ್ ಎಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಒಂದರಲ್ಲಿ 2 ಗಂಟೆ 40 ನಿಮಿಷ ಉರಿಯುತ್ತದೆ ಎಂದು ಬರೆದಿದ್ದಾರೆ, ಇನ್ನೊಂದರಲ್ಲಿ 1 ಗಂಟೆ 40 ನಿಮಿಷ. ಯಾರಾದರೂ ಮೊದಲನೆಯದನ್ನೇ ಕೈಗೆತ್ತಿಕೊಳ್ಳುತ್ತಾರೆ. ಆದರೆ ಅದು ಮೂರನೇ ನಿಮಿಷಕ್ಕೇ 250 ಲುಮೆನ್‌ಗೆ ಇಳಿದು, ಉಳಿದ ಹೊತ್ತೆಲ್ಲ ಅಷ್ಟರಲ್ಲೇ ತಳ್ಳುವ ಟಾರ್ಚ್ ಆಗಿರಬಹುದು. ಎರಡನೆಯದು 600ಕ್ಕೆ ಇಳಿದರೂ ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲೇ ಗಟ್ಟಿಯಾಗಿ ನಿಂತಿರಬಹುದು. ಡಬ್ಬಿಯ ಮೇಲಿನ ಯಾವ ಅಂಕಿಯೂ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಅದನ್ನು ಹೇಳುವುದು ನಿಮಿಷದಿಂದ ನಿಮಿಷಕ್ಕೆ ಬೆಳಕು ಹೇಗೆ ಇಳಿಯುತ್ತದೆ ಎಂಬ ಗೆರೆ. ಆ ಗೆರೆಯನ್ನು ಬರೆದುಕೊಳ್ಳಲು ಒಂದು ಫೋನು, ಒಂದು ಗಡಿಯಾರ, ಬಿಳಿ ಚಾವಣಿಯ ಒಂದು ಕತ್ತಲೆ ಕೋಣೆ ಇದ್ದರೆ ಸಾಕು.

ಡಬ್ಬಿಯ ಅಂಕಿಗಳು ಎಲ್ಲಿಂದ ಬರುತ್ತವೆ

ಒಳ್ಳೆಯ ತಯಾರಕರು ಪಾಲಿಸುವುದು ಎಫ್‌ಎಲ್ 1 ಎಂಬ ಅಮೆರಿಕದ ಮಾನದಂಡವನ್ನು. ಅದು ಮೊದಲು ಬಂದದ್ದು 2009ರಲ್ಲಿ. ಅದರ ಪ್ರಕಾರ ಲುಮೆನ್ ಅಳೆಯುವುದು ಟಾರ್ಚ್ ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಉರಿಯುವ ಅವಧಿ ಎಂದರೆ ಬೆಳಕು ಆರಂಭದ ಶೇ 10ಕ್ಕೆ ಇಳಿಯುವವರೆಗಿನ ಹೊತ್ತು. ಗೊಂದಲ ಹುಟ್ಟುವುದೇ ಇಲ್ಲಿ. 1000 ಲುಮೆನ್‌ನಿಂದ ಶುರುವಾದ ಟಾರ್ಚ್ ಮೂರು ನಿಮಿಷದಲ್ಲಿ 120ಕ್ಕೆ ಕುಸಿದು ಆರು ಗಂಟೆ ಉರಿದರೆ, ‘1000 ಲುಮೆನ್, 6 ಗಂಟೆ’ ಎಂದು ಬರೆಯುವುದು ನಿಯಮದ ಪ್ರಕಾರ ತಪ್ಪಲ್ಲ. ಕೊಂಡವರು ಮಾತ್ರ ಆರು ಗಂಟೆಯೂ 1000 ಲುಮೆನ್ ಸಿಗುತ್ತದೆ ಎಂದು ತಿಳಿಯುತ್ತಾರೆ.

ಬೆಳಕಿನ ದೂರಕ್ಕೂ ಹೀಗೇ ಒಂದು ಗುಟ್ಟಿದೆ. ‘200 ಮೀಟರ್’ ಎಂದರೆ ಅಷ್ಟು ದೂರದಲ್ಲಿ 0.25 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೀಳುತ್ತದೆ ಎಂದರ್ಥ, ಹೆಚ್ಚುಕಡಿಮೆ ಬೆಳದಿಂಗಳಷ್ಟು. ಅಲ್ಲಿ ಮನುಷ್ಯನೋ ಮರವೋ ಎಂದು ಗುರುತಿಸುವುದು ಕಷ್ಟ. ಅರ್ಧ ದೂರಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟಾಗಿ 1 ಲಕ್ಸ್ ಆಗುತ್ತದೆ. ಹಾಗಾಗಿ ಬರೆದಿರುವ ದೂರದ ಅರ್ಧವನ್ನೇ ಕೆಲಸಕ್ಕೆ ಬರುವ ದೂರ ಎಂದು ಎಣಿಸಿ.

ಕೊಳ್ಳುವ ಮುನ್ನವೇ ಮಾಡಬಹುದಾದ ಲೆಕ್ಕ

ಅಳತೆಗೆ ಇಳಿಯುವ ಮೊದಲು ಕಾಗದದ ಮೇಲೆ ಒಂದು ಗುಣಾಕಾರ ಮಾಡಿ. ಸುಳ್ಳು ಜಾಹೀರಾತುಗಳಲ್ಲಿ ಬಹುಪಾಲು ಇದರಲ್ಲೇ ಸಿಕ್ಕಿಬೀಳುತ್ತವೆ. ಬ್ಯಾಟರಿಯ ವೋಲ್ಟೇಜನ್ನು ಆಂಪ್ ಅವರ್‌ನಿಂದ ಗುಣಿಸಿದರೆ ವಾಟ್ ಅವರ್, ಅಂದರೆ ಒಳಗಿರುವ ಒಟ್ಟು ಶಕ್ತಿ, ಸಿಗುತ್ತದೆ. 1000 ಎಂಎಎಚ್ (ಮಿಲಿಆಂಪ್ ಅವರ್) ಎಂದರೆ 1 ಆಂಪ್ ಅವರ್. 3500 ಎಂಎಎಚ್‌ನ ಒಂದು 18650 (ಎಎಗಿಂತ ದಪ್ಪನೆಯ, ರೀಚಾರ್ಜ್ ಆಗುವ ಲಿಥಿಯಂ ಅಯಾನ್) ಸೆಲ್‌ನಲ್ಲಿ 3.6 × 3.5, ಅಂದರೆ ಸುಮಾರು 12.6 ವಾಟ್ ಅವರ್ ಇರುತ್ತದೆ. ಸರ್ಕ್ಯೂಟು, ಗಾಜು, ರಿಫ್ಲೆಕ್ಟರುಗಳಲ್ಲಿ ಕಳೆದದ್ದು ಕಳೆದು ಪುಟ್ಟ ಟಾರ್ಚಿನಿಂದ ಹೊರಬರುವುದು ವಾಟಿಗೆ ಸುಮಾರು 100 ಲುಮೆನ್ ಎಂದಿಟ್ಟುಕೊಳ್ಳಿ. ಆಗ ಆ ಸೆಲ್ ಒಟ್ಟು ಕೊಡಬಲ್ಲದ್ದು 1260 ಲುಮೆನ್-ಗಂಟೆ. 1000 ಲುಮೆನ್ ಆದರೆ ಸುಮಾರು ಒಂದೂಕಾಲು ಗಂಟೆ, 250 ಆದರೆ ಐದು ಗಂಟೆ. ಒಂದೇ 18650 ಸೆಲ್‌ನಲ್ಲಿ ‘2000 ಲುಮೆನ್, 5 ಗಂಟೆ’ ಎಂದು ಯಾರಾದರೂ ಬರೆದಿದ್ದರೆ ಅವರು 10,000 ಲುಮೆನ್-ಗಂಟೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಅಷ್ಟು ಶಕ್ತಿ ಆ ಸೆಲ್‌ನೊಳಗೆ ಇಲ್ಲವೇ ಇಲ್ಲ.

ಈ 100 ಎಂಬುದು ಮಧ್ಯಮ ಬೆಳಕಿನಲ್ಲಿ ಸರಿಹೋಗುವ ಅಂಕಿ. ಕರೆಂಟು ಹೆಚ್ಚಿದಷ್ಟೂ, ಬಿಸಿ ಏರಿದಷ್ಟೂ ಎಲ್‌ಇಡಿಯ ದಕ್ಷತೆ ಕುಗ್ಗುತ್ತದೆ. ಆದ್ದರಿಂದಲೇ ಬೆಳಕನ್ನು ಅರ್ಧಕ್ಕಿಳಿಸಿದರೆ ಅವಧಿ ಎರಡು ಪಟ್ಟಿಗಿಂತಲೂ ಹೆಚ್ಚು ಸಿಗುತ್ತದೆ. ಕಣ್ಣಿಗೆ ಆಗುವ ನಷ್ಟವೂ ದೊಡ್ಡದಲ್ಲ. ಒಂದು ಬೆಳಕು ಇನ್ನೊಂದಕ್ಕಿಂತ ‘ಎರಡರಷ್ಟು’ ಎಂದು ಕಣ್ಣಿಗೆ ಅನಿಸಬೇಕಾದರೆ ಲುಮೆನ್ ಹತ್ತಿರಹತ್ತಿರ ನಾಲ್ಕು ಪಟ್ಟಾಗಬೇಕು. 1000ಕ್ಕೂ 1200ಕ್ಕೂ ನಡುವಿನ ವ್ಯತ್ಯಾಸಕ್ಕೆ ದುಡ್ಡು ಕೊಡಬೇಡಿ, ಅದು ಕಾಣಿಸುವುದೇ ಇಲ್ಲ.

ಬೆಳಕು ಎಷ್ಟು ದೂರ ಹೋಗುತ್ತದೆ

ಆಂಡ್ರಾಯ್ಡ್ ಫೋನಿನ ಮುಂಭಾಗದಲ್ಲಿ, ಸೆಲ್ಫಿ ಕ್ಯಾಮೆರಾದ ಆಸುಪಾಸಿನಲ್ಲಿ, ಬೆಳಕಿನ ಸೆನ್ಸರ್ ಇರುತ್ತದೆ. ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು, ಕೈಬೆರಳನ್ನು ಗಾಜಿನ ಮೇಲೆ ಸರಿಸುತ್ತ ಹೋಗಿ. ಅಂಕಿ ಸೊನ್ನೆಗೆ ಬೀಳುವ ಜಾಗವೇ ಸೆನ್ಸರ್. ಐಫೋನಿನಲ್ಲಿ ಆ್ಯಪ್‌ಗಳಿಗೆ ಈ ಸೆನ್ಸರ್ ನೇರವಾಗಿ ಸಿಗುವುದಿಲ್ಲ. ಅವು ಕ್ಯಾಮೆರಾ ನೋಡಿ ಅಂದಾಜು ಮಾಡುತ್ತವೆ, ಆದ್ದರಿಂದ ಈ ಕೆಲಸಕ್ಕೆ ಅಷ್ಟು ನೆಚ್ಚಿಕೊಳ್ಳುವಂತಿಲ್ಲ. ಬಿಡಿ ಲಕ್ಸ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಕತ್ತಲಲ್ಲಿ ಟಾರ್ಚಿನ ಗಾಜಿನಿಂದ ಸೆನ್ಸರಿಗೆ ಸರಿಯಾಗಿ 5 ಮೀಟರ್ ಟೇಪಿನಲ್ಲಿ ಅಳೆಯಿರಿ. ಬೆಳಕಿನ ನಡುಚುಕ್ಕೆಯನ್ನು ಸೆನ್ಸರ್ ಮೇಲೆ ಬೀಳಿಸಿ, 30 ಸೆಕೆಂಡು ಕಾದು, ಕಾಣುವ ಅತಿ ದೊಡ್ಡ ಅಂಕಿಯನ್ನು ಬರೆದುಕೊಳ್ಳಿ. ದೂರವನ್ನು ದೂರದಿಂದಲೇ ಗುಣಿಸಿ, ಲಕ್ಸ್‌ನಿಂದ ಮತ್ತೊಮ್ಮೆ ಗುಣಿಸಿದರೆ ಕ್ಯಾಂಡೆಲಾ, ಅಂದರೆ ಒಂದು ದಿಕ್ಕಿಗೆ ಹೊರಡುವ ಬೆಳಕಿನ ತೀವ್ರತೆ, ಸಿಗುತ್ತದೆ. 400 ಲಕ್ಸ್ ಬಂದರೆ 400 × 25, ಅಂದರೆ 10,000 ಕ್ಯಾಂಡೆಲಾ. ಅದರ ವರ್ಗಮೂಲದ ಎರಡರಷ್ಟು ಮೀಟರ್‌ಗಳೇ ಡಬ್ಬಿಯ ಮೇಲೆ ಬರೆಯುವ ದೂರ. ವರ್ಗಮೂಲ 100, ಹಾಗಾಗಿ 200 ಮೀಟರ್.

1 ಮೀಟರ್‌ನಲ್ಲೇ ಅಳೆದರೆ ಗುಣಾಕಾರ ಸುಲಭ, ನಿಜ. ಆದರೆ ರಿಫ್ಲೆಕ್ಟರಿನಿಂದ ಹೊರಟ ಬೆಳಕು ಅಷ್ಟು ಹತ್ತಿರದಲ್ಲಿ ಇನ್ನೂ ಒಟ್ಟುಗೂಡಿರುವುದಿಲ್ಲ, ಉತ್ತರ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಟಾರ್ಚನ್ನು ಹತ್ತಿರ ತಂದರೂ ಅಂಕಿ ಒಂದೇ ಕಡೆ ಅಂಟಿಕೊಂಡಿದ್ದರೆ ಫೋನಿನ ಸೆನ್ಸರ್ ತನ್ನ ಮಿತಿ ಮುಟ್ಟಿದೆ. ಆಗ ಇನ್ನಷ್ಟು ದೂರದಿಂದ ಅಳೆಯಿರಿ.

ಒಟ್ಟು ಬೆಳಕು: ಚಾವಣಿಗೆ ಹೊಡೆಸಿ ನೋಡುವುದು

ಪ್ರಯೋಗಾಲಯದವರು ಒಳಗೆಲ್ಲ ಬಿಳಿ ಬಳಿದ ಗೋಳದಲ್ಲಿ ಲುಮೆನ್ ಅಳೆಯುತ್ತಾರೆ. ಮನೆಯಲ್ಲಿ ಆ ಗೋಳದ ಕೆಲಸವನ್ನು ಬಿಳಿ ಚಾವಣಿ ಮಾಡುತ್ತದೆ. ಚಿಕ್ಕ ಕೋಣೆಯಾದಷ್ಟೂ ಒಳ್ಳೆಯದು, ಕಿಟಕಿ ಇಲ್ಲದ ಬಚ್ಚಲುಮನೆ ತಕ್ಕ ಜಾಗ. ಟಾರ್ಚನ್ನು ನೆಲದ ಮೇಲೆ ಚಾವಣಿಗೆ ಮುಖಮಾಡಿ ನೆಟ್ಟಗೆ ನಿಲ್ಲಿಸಿ. ಒಂದು ಮೀಟರ್ ಆಚೆ ಫೋನನ್ನು ಮುಖ ಮೇಲಾಗಿ ಮಲಗಿಸಿ. ಎರಡರ ನಡುವೆ ದಪ್ಪ ಪುಸ್ತಕವೊಂದನ್ನು ನಿಲ್ಲಿಸಿ, ಟಾರ್ಚಿನ ಅಂಚಿನ ಬೆಳಕು ನೇರವಾಗಿ ಸೆನ್ಸರಿಗೆ ಬೀಳದಂತೆ ಮಾಡಿ. ಟಾರ್ಚಿನ ಜಾಗಕ್ಕೂ ಫೋನಿನ ಜಾಗಕ್ಕೂ ನೆಲದ ಮೇಲೆ ಟೇಪಿನ ಗುರುತು ಹಾಕಿ.

ಇಲ್ಲಿ ಸಿಗುವ ಲಕ್ಸ್ ಬಿಡಿಯಾಗಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೆಲೆ ಬರುವುದು ಹೋಲಿಕೆಯಲ್ಲಿ. ಮಾನದಂಡ ಪಾಲಿಸಿದ, ಅಂಕಿ ನಂಬಬಹುದಾದ ಟಾರ್ಚೊಂದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. 400 ಲುಮೆನ್‌ನ ಆ ಟಾರ್ಚ್ 32 ಲಕ್ಸ್ ತೋರಿಸಿ ಹೊಸದು 56 ತೋರಿಸಿದರೆ, ಹೊಸದರ ಬೆಳಕು ಸುಮಾರು 700 ಲುಮೆನ್. ಒಂದು ಫೋನಿನ ಅಂಕಿಯನ್ನು ಇನ್ನೊಂದು ಫೋನಿನ ಅಂಕಿಯೊಂದಿಗೆ ಹೋಲಿಸಬೇಡಿ, ಅವು ಎಂದೂ ಕೂಡಿಬರುವುದಿಲ್ಲ. ನೀವು ನಿಂತ ಜಾಗ ಕೂಡ ಲೆಕ್ಕಕ್ಕೆ ಬರುತ್ತದೆ. ಕಪ್ಪು ಅಂಗಿ ತೊಟ್ಟು ಸೆನ್ಸರಿನ ಪಕ್ಕ ನಿಂತರೆ ಅಂಕಿ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ಪ್ರತಿ ಬಾರಿಯೂ ಅದೇ ಮೂಲೆಯಲ್ಲಿ ನಿಲ್ಲಿ, ಅಥವಾ ಬಾಗಿಲಾಚೆ ಹೋಗಿ ಫೋನಿನ ರೆಕಾರ್ಡಿಂಗ್ ನೋಡಿ. ಶೇ 10–15ರ ಅಂತರ ಕಂಡರೆ ಎರಡೂ ಸಮ ಎಂದೇ ತಿಳಿಯಿರಿ, ಈ ವಿಧಾನಕ್ಕೆ ಅದಕ್ಕಿಂತ ಸೂಕ್ಷ್ಮತೆ ಇಲ್ಲ.

ಬ್ಯಾಟರಿ ಪರೀಕ್ಷೆ

ಇದಕ್ಕೆ ತಾಳ್ಮೆ ಬೇಕು, ಆದರೆ ಎಲ್ಲಕ್ಕಿಂತ ಹೆಚ್ಚು ತಿಳಿಸುವುದೂ ಇದೇ. ಸೆಲ್ ಪೂರ್ತಿ ಚಾರ್ಜ್ ಆದ ಮೇಲೆ ಒಂದು ಗಂಟೆ ಸುಮ್ಮನೆ ಬಿಡಿ. ಆಮೇಲೆ ಮಲ್ಟಿಮೀಟರಿನಲ್ಲಿ ನೋಡಿದರೆ ಲಿಥಿಯಂ ಅಯಾನ್ ಸೆಲ್ 4.15ರಿಂದ 4.20 ವೋಲ್ಟ್ ತೋರಿಸಬೇಕು. 4.05 ಇದ್ದರೆ ಚಾರ್ಜರ್ ಬೇಗ ಕೈಬಿಟ್ಟಿದೆ ಎಂದರ್ಥ. ಅಂಥ ಸೆಲ್‌ನಿಂದ ಅಳೆದ ಅವಧಿ ಟಾರ್ಚಿಗೆ ಅನ್ಯಾಯ.

ಚಾವಣಿಯ ವ್ಯವಸ್ಥೆಯನ್ನೇ ಬಳಸಿ. 30 ಸೆಕೆಂಡಿಗೆ ಬಂದ ಲಕ್ಸ್ ನಿಮ್ಮ ನೂರು ಪ್ರತಿಶತ. ಆಮೇಲೆ 1, 2, 3, 5, 10ನೇ ನಿಮಿಷಗಳಲ್ಲಿ, ಬಳಿಕ ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಮೊದಲ ಹತ್ತು ನಿಮಿಷ ಇಷ್ಟು ಒತ್ತೊತ್ತಾಗಿ ಬರೆಯಲು ಕಾರಣವಿದೆ: ಬಿಸಿಯಾದೊಡನೆ ಬೆಳಕು ತಗ್ಗಿಸುವ ಆಟ ನಡೆಯುವುದು ಆಗಲೇ. ಕುಳಿತು ಬರೆಯುವುದು ಆಗದಿದ್ದರೆ ಇನ್ನೊಂದು ಫೋನಿನಲ್ಲಿ ಟೈಮ್‌ಲ್ಯಾಪ್ಸ್ ಹಾಕಿ, ಲಕ್ಸ್ ಅಂಕಿಯೂ ಗಡಿಯಾರವೂ ಒಟ್ಟಿಗೆ ಕಾಣುವಂತೆ ಇಡಿ. ಅಳೆಯುವ ಫೋನಿನ ಸ್ಕ್ರೀನ್ ಆರದಂತೆ ಮಾಡಿ, ಅದರ ಹೊಳಪನ್ನು ತೀರಾ ಕಡಿಮೆ ಇಡಿ.

ಎರಡು ಹೊತ್ತುಗಳನ್ನು ಗುರುತು ಮಾಡಿಕೊಳ್ಳಿ: ಬೆಳಕು ಶೇ 50ಕ್ಕೆ ಇಳಿದದ್ದು ಯಾವಾಗ, ಶೇ 10ಕ್ಕೆ ಇಳಿದದ್ದು ಯಾವಾಗ. ಡಬ್ಬಿಯ ಅಂಕಿಯೊಂದಿಗೆ ತಾಳೆ ನೋಡುವುದು ಎರಡನೆಯದನ್ನು. ನೀವು ಕೊಳ್ಳಬೇಕಾದದ್ದು ಮೊದಲನೆಯದನ್ನು ನೋಡಿ.

ಫ್ಯಾನ್ ಗಾಳಿಗೆ ಇಟ್ಟ ಟಾರ್ಚ್ ತಣ್ಣಗಿದ್ದು ಹೆಚ್ಚು ಹೊತ್ತು ಜೋರಾಗಿ ಉರಿಯುತ್ತದೆ. ಗಾಳಿಯಿಲ್ಲದ ಕೋಣೆಯ ಅಳತೆ ಅತಿ ಕೆಟ್ಟ ಸ್ಥಿತಿಯದು. ಕೈಯಲ್ಲಿ ಹಿಡಿದಾಗ ಅಂಗೈ ಬಿಸಿಯನ್ನು ಹೀರಿಕೊಳ್ಳುವುದರಿಂದ ಫಲ ಇವೆರಡರ ನಡುವೆ ಬರುತ್ತದೆ. ಹೋಲಿಸುವ ಎರಡೂ ಟಾರ್ಚ್‌ಗಳಿಗೆ ಒಂದೇ ಸ್ಥಿತಿ ಇರಲಿ, ಅಷ್ಟೇ ಮುಖ್ಯ. ಜೋರಾದ ಟಾರ್ಚಿನ ಗಾಜನ್ನು ಬಟ್ಟೆಯ ಮೇಲೋ ಮರದ ಮೇಲೋ ಮುಖ ಕೆಳಗಾಗಿ ಇಡಬೇಡಿ, ನಿಮಿಷದೊಳಗೆ ಸುಟ್ಟ ವಾಸನೆ ಬರಬಹುದು. ಲಿಥಿಯಂ ಟಾರ್ಚನ್ನು ಪರೀಕ್ಷೆಗೆ ಹಚ್ಚಿ ಮನೆಬಿಟ್ಟು ಹೋಗುವುದೂ ಬೇಡ.

ಮೊದಲು ಹೇಳಿದ ಜೋಡಿಗೇ ಮರಳೋಣ. ಪರೀಕ್ಷೆ ಮುಗಿದಾಗ ಎರಡೂ ಸುರಿದ ಒಟ್ಟು ಬೆಳಕು ಸುಮಾರು 700 ಮತ್ತು 790 ಲುಮೆನ್-ಗಂಟೆ ಎಂದು ಬರುತ್ತದೆ, ದೊಡ್ಡ ಅಂತರವೇನಲ್ಲ. ಬೇರೆಯಾಗಿರುವುದು ಖರ್ಚು ಮಾಡುವ ರೀತಿ. ಎರಡನೆಯದನ್ನು ಕೆಳಗಿನ ಮೋಡ್‌ಗೆ ಇಳಿಸಿದರೆ ಅದೂ 250 ಲುಮೆನ್‌ನಲ್ಲಿ ಮೂರು ಗಂಟೆ ಉರಿಯುತ್ತದೆ. ಮೊದಲನೆಯದನ್ನು ಮಾತ್ರ ಏನು ಮಾಡಿದರೂ ಒಂದು ಗಂಟೆ ಕಾಲ 600ರಲ್ಲಿ ನಿಲ್ಲಿಸಲಾಗದು. ಅದರ ಲೋಹದ ಮೈ ಅಷ್ಟು ಬಿಸಿ ತಾಳುವಂಥದ್ದಲ್ಲ. ಆಯ್ಕೆ ಕೊಡುವ ಟಾರ್ಚೇ ಮೇಲು.

ಯಾವ ಬ್ಯಾಟರಿಯ ಟಾರ್ಚ್ ಯಾರಿಗೆ

ಒಂದು ಎಎ ಸೆಲ್‌ನ ಟಾರ್ಚಿನ ದೊಡ್ಡ ಗುಣ, ಸೆಲ್ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಅದರೊಳಗೆ ಆಲ್ಕಲೈನ್ ಹಾಕಿ ಅಳೆದವರು ನಿರಾಶರಾಗುತ್ತಾರೆ. ಆಲ್ಕಲೈನ್ ಸೆಲ್‌ನ ಒಳನಿರೋಧ ಹೆಚ್ಚು. ಗೋಡೆ ಗಡಿಯಾರದಲ್ಲಿ 2500 ಎಂಎಎಚ್ ಕೊಡುವ ಅದೇ ಸೆಲ್, ಟಾರ್ಚ್ 1 ಆಂಪ್ ಎಳೆದಾಗ ಅರ್ಧವನ್ನೂ ಕೊಡದೆ ಸೋಲುತ್ತದೆ. ಗೆರೆ ಮೊದಲ ನಿಮಿಷದಿಂದಲೇ ಇಳಿಜಾರು. ಅದೇ ಟಾರ್ಚಿಗೆ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. 1.2 ವೋಲ್ಟ್, 2000 ಎಂಎಎಚ್ ಎಂದು ಬರೆದಿದ್ದರೂ ಗೆರೆ ನೆಟ್ಟಗೆ ನಿಲ್ಲುತ್ತದೆ. ಅದರ 2.4 ವಾಟ್ ಅವರ್‌ನಲ್ಲಿ ಸುಮಾರು 100 ಲುಮೆನ್ ಎರಡು ಗಂಟೆಯ ಹತ್ತಿರ ಸಿಗುತ್ತದೆ. ಮನೆಯೊಳಗೆ ಓಡಾಡಲು, ಫ್ಯೂಸ್ ನೋಡಲು ಇದು ಧಾರಾಳ. ವರ್ಷಗಟ್ಟಲೆ ಮುಟ್ಟದೆ ತುರ್ತಿಗೆಂದು ಇಡುವುದಾದರೆ ರೀಚಾರ್ಜ್ ಆಗದ 1.5 ವೋಲ್ಟ್ ಲಿಥಿಯಂ ಎಎ ತಕ್ಕದ್ದು. ಸೋರುವ ಕಾಟ ಕಡಿಮೆ, ಮೈನಸ್ 40 ಡಿಗ್ರಿ ಚಳಿಯಲ್ಲೂ ಕೆಲಸ ಮಾಡುತ್ತದೆ. ಯುಎಸ್‌ಬಿಯಿಂದ ಚಾರ್ಜ್ ಆಗುವ 1.5 ವೋಲ್ಟ್ ಲಿಥಿಯಂ ಅಯಾನ್ ಎಎ ಬೇರೆಯೇ ಜಾತಿ: ಕೊನೆಯವರೆಗೂ 1.5 ವೋಲ್ಟ್ ಹಿಡಿದಿಟ್ಟು ಒಮ್ಮೆಲೇ ಕೈಕೊಡುತ್ತದೆ. ಕತ್ತಲ ದಾರಿಯಲ್ಲಿ ಮುನ್ಸೂಚನೆ ಇಲ್ಲದೆ ಟಾರ್ಚ್ ಆರುವುದು ಅಪಾಯ, ನಡಿಗೆಗೆ ಇದನ್ನು ನೆಚ್ಚಬೇಡಿ.

ಎಎ ಗಾತ್ರದ್ದೇ ಲಿಥಿಯಂ ಸೆಲ್ 14500. ಎರಡನ್ನೂ ಒಪ್ಪುವ ಟಾರ್ಚ್‌ಗಳಿವೆ, ಅವುಗಳಲ್ಲಿ 14500 ಹಾಕಿದರೆ ಬೆಳಕು ಹಲವು ಪಟ್ಟು ಜೋರು. ಆದರೆ ಒಳಗಿರುವ ಶಕ್ತಿ ಸುಮಾರು 3 ವಾಟ್ ಅವರ್ ಮಾತ್ರ, ಎಎಗಿಂತ ತುಸು ಹೆಚ್ಚು. ಬೆಳಕು ಜೋರಾದಷ್ಟೂ ಬೇಗ ಬರಿದಾಗುತ್ತದೆ. ಕೈಪಿಡಿಯಲ್ಲಿ 4.2 ವೋಲ್ಟ್ ಅಥವಾ 14500 ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ಹಾಕಲೇಬೇಡಿ, 1.5 ವೋಲ್ಟಿಗೆ ಮಾಡಿದ ಸರ್ಕ್ಯೂಟು ಒಂದೇ ಸಲಕ್ಕೆ ಸುಟ್ಟುಹೋಗಬಹುದು.

ರಾತ್ರಿ ಹೊರಗೆ ಕೆಲಸ ಇರುವವರಿಗೆ, ತೋಟಕ್ಕೆ, ಚಾರಣಕ್ಕೆ, ಬಿಚ್ಚಿ ಹಾಕಬಹುದಾದ 18650 ಅಥವಾ 21700 ಸೆಲ್‌ನ ಟಾರ್ಚ್ ಬಿಟ್ಟು ಬೇರೆ ಯೋಚನೆ ಬೇಡ ಎನ್ನುವುದು ನಮ್ಮ ಖಚಿತ ಮಾತು. ಒಂದು 18650 ಐದು ಎಎ ಸೆಲ್‌ಗಳಷ್ಟು ಶಕ್ತಿ ಹೊರುತ್ತದೆ. 21700 ಇನ್ನೂ ಹೆಚ್ಚು, 4000ರಿಂದ 5000 ಎಂಎಎಚ್, ಆದರೆ ಜೇಬಿನಲ್ಲಿ ಅದರ ದಪ್ಪ ಗೊತ್ತಾಗುತ್ತದೆ. ಕೊಳ್ಳುವಾಗ ಸೆಲ್ ನೋಡಿ. 9900 ಎಂಎಎಚ್ ಎಂದು ಬರೆದ 18650 ಶುದ್ಧ ಸುಳ್ಳು. ಒಳ್ಳೆಯ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ಅಡುಗೆಮನೆಯ ತಕ್ಕಡಿಯಲ್ಲಿ 30 ಗ್ರಾಂ ತೋರಿಸಿದರೆ ಒಳಗೆ ಹುರುಳಿಲ್ಲ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ 65 ಮಿಲಿಮೀಟರಿಗೆ ಬದಲು 68–70 ಇರುತ್ತದೆ, ಕೆಲವು ಟಾರ್ಚ್‌ಗಳ ಮುಚ್ಚಳ ಆಗ ಕೂರುವುದಿಲ್ಲ. ತಲೆ ಚಪ್ಪಟೆಯೋ ಉಬ್ಬಿದ್ದೋ ಎಂಬುದೂ ಮುಖ್ಯ. ಉಬ್ಬು ಬೇಡುವ ಟಾರ್ಚಿಗೆ ಚಪ್ಪಟೆ ಸೆಲ್ ಹಾಕಿದರೆ ಸಂಪರ್ಕವೇ ಆಗದು.

ಕೀಲಿಗೊಂಚಲಿಗೆ ಸಿಕ್ಕಿಸುವ, ಬ್ಯಾಟರಿ ಒಳಗೇ ಕೂಡಿಸಿದ ಯುಎಸ್‌ಬಿ-ಸಿ ಟಾರ್ಚ್‌ಗಳು ಸದಾ ಜೊತೆಗಿರುತ್ತವೆ, ಅದೇ ಅವುಗಳ ಹಿರಿಮೆ. ಸೆಲ್ ಮುಪ್ಪಾದಾಗ ಟಾರ್ಚೂ ಮುಗಿಯುತ್ತದೆ. ಕೊಂಡ ದಿನವೇ ಎರಡೂ ತುದಿ ಸಿ ಇರುವ ಕೇಬಲ್‌ನಿಂದ ಚಾರ್ಜ್ ಮಾಡಿ ನೋಡಿ. ಅಗ್ಗದವುಗಳಲ್ಲಿ ಪೋರ್ಟಿಗೆ ಬೇಕಾದ 5.1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ಬಿಟ್ಟಿರುತ್ತಾರೆ. ಆಗ ಚಾರ್ಜರ್ ಎದುರಿಗೇನೂ ಇಲ್ಲವೆಂದು ತಿಳಿದು ಕರೆಂಟನ್ನೇ ಬಿಡುವುದಿಲ್ಲ. ಅದೇ ಟಾರ್ಚ್ ಹಳೆಯ ಅಗಲ ತುದಿಯ ಕೇಬಲ್‌ನಲ್ಲಿ ಚಾರ್ಜ್ ಆಗುತ್ತದೆ. ಹಾಳಾಗಿದೆ ಎಂದು ಎಸೆಯಬೇಡಿ.

ಮೂರು ಎಎಎ ಸೆಲ್‌ಗಳ ಪ್ಲಾಸ್ಟಿಕ್ ಡಬ್ಬಿ ಇರುವ ಜೂಮ್ ಟಾರ್ಚ್‌ಗಳನ್ನು ಬಿಟ್ಟುಬಿಡಿ. ಅನೇಕವುಗಳಲ್ಲಿ ಕರೆಂಟನ್ನು ಹಿಡಿದಿಡುವ ಸರ್ಕ್ಯೂಟೇ ಇರುವುದಿಲ್ಲ, ಸೆಲ್ ಸವೆದಂತೆ ಬೆಳಕೂ ಸವೆಯುತ್ತದೆ. ಜೂಮನ್ನು ಕಿರಿದು ಮಾಡಿದಾಗ ಬೆಳಕಿನ ದೊಡ್ಡ ಪಾಲು ಟಾರ್ಚಿನ ಒಳಗೋಡೆಗೇ ಬಡಿದು ವ್ಯರ್ಥವಾಗುತ್ತದೆ. ಚಾವಣಿ ಪರೀಕ್ಷೆಯಲ್ಲಿ ಜೂಮ್ ತಿರುಗಿಸುತ್ತ ಅಂಕಿ ಬೀಳುವುದನ್ನು ನೋಡಿದರೆ ಮನದಟ್ಟಾಗುತ್ತದೆ.

ಅಳತೆ ಕೈಕೊಟ್ಟಾಗ

ಟಾರ್ಚ್ ಇರಬೇಕಾದದ್ದಕ್ಕಿಂತ ಮಂಕಾಗಿದ್ದರೆ, ಮಿನುಗುತ್ತಿದ್ದರೆ, ಎಲ್‌ಇಡಿಯನ್ನು ದೂರುವ ಮೊದಲು ಹಿಂಬದಿಯ ಮುಚ್ಚಳ ಬಿಚ್ಚಿ. ಕರೆಂಟು ಹರಿಯುವುದು ಆ ಮುಚ್ಚಳದ ಮತ್ತು ಮೈಯ ಲೋಹದ ಅಂಚಿನ ಮೂಲಕ. ಅಲ್ಲಿ ಕಪ್ಪು ಜಿಡ್ಡು ಕೂತಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ರಬ್ಬರ್ ಉಂಗುರಕ್ಕೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ. ವಿನೆಗರ್ ಅಥವಾ ನಿಂಬೆರಸ ಹಚ್ಚಿ ನೊರೆ ನಿಂತ ಮೇಲೆ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. 2.5 ವೋಲ್ಟಿಗಿಂತ ಕೆಳಗಿಳಿದ ಲಿಥಿಯಂ ಅಯಾನ್ ಸೆಲ್ಲನ್ನು ಬದುಕಿಸಲು ಹೋಗಬೇಡಿ.

ಲಕ್ಸ್ ಅಂಕಿ ಒಂದೇ ಸಮನೆ ಕುಣಿಯುತ್ತಿದ್ದರೆ ಟಾರ್ಚ್ ಬೆಳಕನ್ನು ತಗ್ಗಿಸಲು ಬಹಳ ವೇಗವಾಗಿ ಆರಿ ಹೊತ್ತುತ್ತಿರಬಹುದು. ಫೋನ್ ಕ್ಯಾಮೆರಾದಲ್ಲಿ ನೋಡಿದರೆ ಅಡ್ಡಪಟ್ಟಿಗಳು ಕಾಣುತ್ತವೆ. ಸೆನ್ಸರ್ ಮೇಲೆ ತೆಳು ಕಾಗದ ಮುಚ್ಚಿದರೂ ಈ ಕುಣಿತ ನಿಲ್ಲದು, ಹತ್ತು ಸಲ ಓದಿ ಸರಾಸರಿ ತೆಗೆಯಿರಿ.

ಕೊನೆಯ ಪರೀಕ್ಷೆ ಟಾರ್ಚ್ ಆರಿರುವಾಗಿನದು. ಪಕ್ಕದಲ್ಲಿ ಗುಂಡಿ ಇರುವ ಟಾರ್ಚ್‌ಗಳಲ್ಲಿ ಸಾಮಾನ್ಯವಾಗಿ ಸರ್ಕ್ಯೂಟು ಒಳಗೊಳಗೇ ಎಚ್ಚರವಾಗಿದ್ದು ಸೆಲ್ಲನ್ನು ಹೀರುತ್ತಿರುತ್ತದೆ. ಮುಚ್ಚಳ ಬಿಚ್ಚಿ, ಸೆಲ್‌ನ ಹಿಂಬದಿಗೂ ಟಾರ್ಚಿನ ಅಂಚಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಮೊದಲು 10 ಆಂಪ್ ರೇಂಜ್‌ನಲ್ಲಿ ಮುಟ್ಟಿಸಿ, ಆರಿರುವುದು ಖಚಿತವಾದ ಮೇಲೆ ಮಿಲಿಆಂಪ್‌ಗೆ ಇಳಿಯಿರಿ. ಮೊದಲೇ ಚಿಕ್ಕ ರೇಂಜ್ ಹಾಕಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. 0.05 ಮಿಲಿಆಂಪ್ ತೋರಿಸಿದರೆ 3500 ಎಂಎಎಚ್ ಸೆಲ್ ಬರಿದಾಗಲು 70,000 ಗಂಟೆ ಬೇಕು, ಚಿಂತೆಯಿಲ್ಲ. 1 ಮಿಲಿಆಂಪ್ ಆದರೆ 3500 ಗಂಟೆ, ಅಂದರೆ ಸುಮಾರು 146 ದಿನಕ್ಕೆ ಖಾಲಿ. ಅಂಥ ಟಾರ್ಚಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಡಿ. ಸಡಿಲಿಸಿದ ಮೇಲೂ ಗುಂಡಿ ಒತ್ತಿದರೆ ಹೊತ್ತಿಕೊಂಡರೆ ಮುಚ್ಚಳದ ತಿರುಪಿನ ಸುತ್ತುಗಳಿಗೆ ಕರೆಂಟು ತಡೆಯುವ ಲೇಪನವಿಲ್ಲ, ಸೆಲ್ಲನ್ನೇ ಹೊರಗೆ ತೆಗೆದಿಡಬೇಕು. ಸೆಲ್ ಒಳಗೇ ಕೂಡಿಸಿದ ಟಾರ್ಚಿಗೆ ಈ ಎರಡೂ ದಾರಿ ಇಲ್ಲ, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತಿರಿ.